ತುಕ್ಕನ್ನು ಕಾಯುವವರು

ಜಪಾನಿನ ಹಳೆಯ ಕತ್ತಿಯ ಹಿಡಿಯನ್ನು ಅಲಗಿಗೆ ಬಿಗಿದಿಡುವುದು ಒಂದು ಸಣ್ಣ ಬಿದಿರಿನ ಗೂಟ. ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅದನ್ನು ಹೊರಗೆ ತಳ್ಳಿದರೆ ಹಿಡಿ ಕಳಚಿ ಬರುತ್ತದೆ, ಉಕ್ಕು ತುದಿಯಿಂದ ಬುಡದವರೆಗೆ ಕಣ್ಣಿಗೆ ಬೀಳುತ್ತದೆ. ಮೇಲೆ ಅಲಗು, ಬೆಳಕು ಬಿದ್ದಲ್ಲೆಲ್ಲ ಹೊಳೆಯುವಂಥದ್ದು. ಅದರ ಮೇಲೆ ಸಾಸಿವೆಯಷ್ಟು ತುಕ್ಕು ಕೂತರೂ ಇಟ್ಟುಕೊಂಡವರಿಗೆ ನಿದ್ದೆ ಬರುವುದಿಲ್ಲ. ಕೆಳಗೆ, ಹಿಡಿಯೊಳಗೆ ಹುದುಗಿದ್ದ ಬುಡದ ಭಾಗ. ಜಪಾನಿನವರು ಅದನ್ನು ನಕಾಗೊ ಎನ್ನುತ್ತಾರೆ. ಅದು ಕಪ್ಪುಗಂದು ತುಕ್ಕು ಹೊದ್ದು ಕೂತಿರುತ್ತದೆ. ಆ ತುಕ್ಕನ್ನು ಯಾರಾದರೂ ಅಕ್ಕರೆಯಿಂದಲೇ ಉಜ್ಜಿ ಬೆಳಗಿದರೂ ಕತ್ತಿಯ ಬೆಲೆಯೂ ಹೋಯಿತು, ಮಾನವೂ ಹೋಯಿತು.

ಒಂದೇ ಕುಲುಮೆಯಿಂದ ಬಂದ ಒಂದೇ ಉಕ್ಕು. ಮೇಲಿನ ಭಾಗದಲ್ಲಿ ಏಳುನೂರು ವರ್ಷಗಳಿಂದ ತುಕ್ಕನ್ನು ಒರೆಸುತ್ತ ಬಂದಿದ್ದಾರೆ. ಗೇಣು ಕೆಳಗೆ ಅದೇ ಏಳುನೂರು ವರ್ಷಗಳಿಂದ ತುಕ್ಕನ್ನು ಕಾಯುತ್ತ ಬಂದಿದ್ದಾರೆ. ಹಳೆಯ ವಸ್ತುಗಳ ವಿಷಯದಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಪಂಗಡ. ಬೆಳಗಿ ಹೊಸದರಂತೆ ಮಾಡಬೇಕು ಎನ್ನುವವರು ಒಂದು ಕಡೆ, ಇದ್ದದ್ದು ಇದ್ದಂತೆ ಇರಲಿ ಎನ್ನುವವರು ಇನ್ನೊಂದು ಕಡೆ. ಎರಡು ಪಂಗಡದವರೂ ಒಂದೇ ವಸ್ತುವಿನ ಮೇಲೆ ಕೈಯಿಟ್ಟು, ಇಲ್ಲಿಯವರೆಗೆ ನಿನ್ನದು, ಇಲ್ಲಿಂದಾಚೆ ನನ್ನದು ಎಂದು ಗೆರೆ ಎಳೆದುಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಗೆರೆ ಅಲ್ಲೇ ಏಕೆ ಬಿತ್ತು ಎಂಬ ಪ್ರಶ್ನೆ ನನ್ನನ್ನು ವರ್ಷಗಟ್ಟಲೆ ಹಿಡಿದುಕೊಂಡಿದೆ.

ಕೆಲಸದ ನಿಮಿತ್ತ ಟೋಕಿಯೊದಲ್ಲಿದ್ದ ಕಾಲದಲ್ಲಿ ಉಎನೊ ಉದ್ಯಾನದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಕತ್ತಿಗಳ ಕೋಣೆ ನನ್ನ ಭಾನುವಾರಗಳನ್ನೆಲ್ಲ ನುಂಗಿತು. ಆದರೆ ಗಾಜಿನಾಚೆಯ ಕತ್ತಿ ಪೂರ್ತಿ ಕಾಣುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು, ಒಂಟಿ ಬಲ್ಬಿನ ಕಡೆಗೆ ತುದಿ ಮಾಡಿ, ಕೂದಲೆಳೆಯಷ್ಟು ಓರೆಯಾಗಿಸಿದಾಗಲೇ ಉಕ್ಕಿನ ಮೈಯ ಒಳವಿವರ ಮೇಲೆದ್ದು ಬರುವುದು. ಕತ್ತಿ ಕೊಳ್ಳುವ ಶಕ್ತಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕೊಳ್ಳದವರೂ ಸಂಗ್ರಾಹಕರ ಜೊತೆ ಕೂತು ನೋಡಲು ಅಲ್ಲಿ ಒಂದು ದಾರಿ ಇದೆ. ಅದಕ್ಕೆ ಕಾಂತೆಯಿ ಎನ್ನುತ್ತಾರೆ, ಕತ್ತಿಯನ್ನು ಪರೀಕ್ಷಿಸಿ ಗುರುತಿಸುವ ಗೋಷ್ಠಿ. ಮೇಜಿನ ಮೇಲೆ ಕೆಲವು ಕತ್ತಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಪ್ರತಿಯೊಂದರ ನಕಾಗೊಗೂ ಮುಸುಕು. ಕುಶಲಕರ್ಮಿಯ ಹೆಸರು ಕೊರೆದಿರುವುದು ಅಲ್ಲೇ ಆದ್ದರಿಂದ ಅದನ್ನು ಯಾರೂ ನೋಡುವಂತಿಲ್ಲ. ಸರದಿ ಬಂದಾಗ ಕತ್ತಿಗೆ ತಲೆಬಾಗಿ ವಂದಿಸಬೇಕು, ಎತ್ತಿಕೊಳ್ಳಬೇಕು, ನೋಡಬೇಕು, ಅಲಗಿನ ಮೇಲೆ ಮಾತಾಡಬಾರದು. ಉಸಿರಿನ ತೇವ ಸಾಕು, ಉಕ್ಕಿಗೆ ಕಲೆ ಬೀಳಲು. ಆಮೇಲೆ ಚೀಟಿಯಲ್ಲಿ ಒಬ್ಬ ಕಮ್ಮಾರನ ಹೆಸರು ಬರೆದು ತೀರ್ಪುಗಾರರ ಕೈಗೆ ಕೊಡಬೇಕು.

ಹೆಸರು ಮುಚ್ಚಿದ ಕತ್ತಿಯನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ನಿಲುವು. ಬುಡದ ಹತ್ತಿರ ಆಳವಾಗಿ ಬಾಗಿ, ತುದಿಗೆ ಹೋಗುತ್ತ ಸಣ್ಣಗಾದ ಕತ್ತಿ ಕುದುರೆಯ ಮೇಲಿದ್ದವನದು, ಹೆಯಾನ್ ಕಾಲದ ಕೊನೆಯದೋ ಕಾಮಾಕುರಾ ಕಾಲದ ಮೊದಲಿನದೋ. ಅಗಲವಾಗಿ, ಉದ್ದನೆಯ ತುದಿ ಇದ್ದು ಭರ್ಜರಿಯಾಗಿ ಕಂಡರೆ ಹದಿನಾಲ್ಕನೆಯ ಶತಮಾನ. ಬಾಗು ಬಹಳ ಕಡಿಮೆಯಾಗಿ ಕೋಲಿನಂತೆ ನೆಟ್ಟಗಿದ್ದರೆ 1660ರ ಆಸುಪಾಸು. ಆಮೇಲೆ ಮೈಯ ಉಕ್ಕು, ಮಡಿಸಿ ಮಡಿಸಿ ಬಡಿದದ್ದರಿಂದ ಮೂಡಿದ ಎಳೆಗಳು. ಮರದ ಹಲಗೆಯಲ್ಲಿ ಕಾಣುವ ನೇರ ಎಳೆ, ಗಂಟಿನ ಸುತ್ತ ಸುತ್ತಿಕೊಂಡ ಎಳೆ, ಅಲೆಯಲೆಯಾದ ಎಳೆ ಎಂದು ಅವರು ಅವನ್ನು ವಿಂಗಡಿಸುತ್ತಾರೆ, ಅದರಿಂದ ಪ್ರಾಂತ್ಯವನ್ನು ಊಹಿಸುತ್ತಾರೆ: ಯಮಾಶಿರೊ, ಯಮಾತೊ, ಬಿಜೆನ್, ಸೋಶು, ಮಿನೊ. ಕೊನೆಗೆ ಹಾಮೊನ್, ಬಾಯಿಯುದ್ದಕ್ಕೂ ಹರಿಯುವ ಬೆಳ್ಳನೆಯ ಹದದ ಗೆರೆ. ಅದು ತುದಿಗೆ ಬಂದು ಹಿಂದಿರುಗುವ ಬಗೆಯಲ್ಲಿ ಕಮ್ಮಾರನ ಕೈ ಸಿಕ್ಕಿಬೀಳುತ್ತದೆ.

ತೀರ್ಪುಗಳಲ್ಲಿ ನನಗೆ ತುಂಬ ಹಿಡಿಸಿದ್ದು ದೋಜೆನ್ ಎಂಬುದು. ಬರೆದ ಹೆಸರು ಸರಿಯಾಗಿದ್ದರೆ ‘ಅತಾರಿ’. ಅದೇ ಮನೆತನದ ಇನ್ನೊಬ್ಬನ ಹೆಸರನ್ನು, ಗುರುವಿನ ಬದಲು ಹತ್ತಿರದ ಶಿಷ್ಯನ ಹೆಸರನ್ನು ಬರೆದಿದ್ದರೆ ‘ದೋಜೆನ್’: ಸರಿಯುತ್ತರಕ್ಕೆ ಸಮಾನ ಎಂದು ಲೆಕ್ಕ. ವ್ಯಕ್ತಿಗಿಂತ ಪರಂಪರೆಯನ್ನು ಕಂಡವನೂ ಕಂಡವನೇ ಎಂಬ ಉದಾರತೆ ಅದರಲ್ಲಿದೆ. ನಮ್ಮ ಸಂಗೀತದ ಕೇಳುಗರಲ್ಲಿ ಈ ಗುಣ ಇದೆ, ಬಾನಿಯನ್ನು ಗುರುತಿಸಿದವರನ್ನು ಹಾಡಿದವರ ಹೆಸರು ತಪ್ಪಿತೆಂದು ಯಾರೂ ಹೀಯಾಳಿಸುವುದಿಲ್ಲ.

ಆ ಗೋಷ್ಠಿಗಳಲ್ಲಿ ಕೂತಾಗಲೇ ನನಗೆ ಹೊಳೆದದ್ದು: ಒರೆಸಿದ ಭಾಗ ಇರುವುದು ನೋಡುವುದಕ್ಕೆ, ಒರೆಸದ ಭಾಗ ಇರುವುದು ನಂಬುವುದಕ್ಕೆ. ಅಲಗು ಹೇಳಿದ್ದನ್ನು ನಕಾಗೊ ಅನುಮೋದಿಸಬೇಕು. ಹಾಗಾದರೆ ಎರಡನ್ನೂ ಉಳಿಸಿಕೊಳ್ಳಲು ತೆರಬೇಕಾದ ಬೆಲೆ ಏನು?

ಅಲಗಿನ ಬೆಲೆ ಗೊತ್ತಾಗಬೇಕಾದರೆ ಅದು ಹುಟ್ಟುವ ಬಗೆ ಗೊತ್ತಿರಬೇಕು. ಶಿಮಾನೆ ಪ್ರಾಂತ್ಯದ ಒಕುಇಜುಮೊ ಎಂಬ ಬೆಟ್ಟದ ಸೀಮೆಯಲ್ಲಿ ಪ್ರತಿ ಚಳಿಗಾಲ ತತಾರ ಎಂಬ ಮಣ್ಣಿನ ಕುಲುಮೆ ಕಟ್ಟುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಆರಿಹೋಗಿದ್ದ ಈ ಬೆಂಕಿಯನ್ನು ಜಪಾನಿನ ಕಲಾಖಡ್ಗ ಸಂರಕ್ಷಣಾ ಸಂಘ 1977ರಲ್ಲಿ ಮತ್ತೆ ಹೊತ್ತಿಸಿತು. ಇಂದಿನ ಕತ್ತಿ ಕಮ್ಮಾರರಿಗೆ ಉಕ್ಕು ಹೋಗುವುದು ಮುಖ್ಯವಾಗಿ ಇಲ್ಲಿಂದಲೇ. ಮೂರು ಹಗಲು, ಮೂರು ರಾತ್ರಿ ಬಿಡದೆ ಸುಮಾರು 10 ಟನ್ ಕಬ್ಬಿಣದ ಮರಳನ್ನೂ ಅದಕ್ಕೂ ಮಿಗಿಲಾದ ಇದ್ದಿಲನ್ನೂ ಉಣಿಸಿ, ಕೊನೆಗೆ ಕುಲುಮೆಯ ಗೋಡೆಗಳನ್ನೇ ಒಡೆದರೆ ಒಳಗೆ ಎರಡು, ಎರಡೂವರೆ ಟನ್ನಿನ ಒಂದು ಗಟ್ಟಿ ಸಿಗುತ್ತದೆ. ಅದರಲ್ಲಿ ಆಯ್ದ ತುಣುಕುಗಳೇ ತಮಹಾಗಾನೆ. ಕಮ್ಮಾರ ಅದನ್ನು ಕಾಯಿಸಿ, ಚಪ್ಪಟೆ ಮಾಡಿ, ಮಡಿಸಿ, ಮತ್ತೆ ಬಡಿಯುತ್ತಾನೆ, ಹೀಗೆ ಹತ್ತು ಹದಿನೈದು ಸಲ. ಹೊರಗೆ ಗಡಸು ಉಕ್ಕಿನ ಹೊದಿಕೆ, ಒಳಗೆ ಮೆದು ಕಬ್ಬಿಣದ ತಿರುಳು. ಕೊನೆಯ ಹಂತದಲ್ಲಿ ಮೈಗೆಲ್ಲ ಮಣ್ಣು ಬಳಿಯುತ್ತಾರೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳುವು. ಕತ್ತಲು ಮಾಡಿಕೊಂಡ ಕಮ್ಮಾರಸಾಲೆಯಲ್ಲಿ ಉಕ್ಕಿನ ಬಣ್ಣವನ್ನು ಕಣ್ಣಿನಿಂದಲೇ ಅಳೆದು ನೀರಿಗೆ ಇಳಿಸುತ್ತಾರೆ. ತೆಳು ಮಣ್ಣಿನ ಬಾಯಿ ತಟ್ಟನೆ ತಣಿದು ಗಡಸಾಗುತ್ತದೆ, ಬೆನ್ನು ನಿಧಾನವಾಗಿ ತಣಿದು ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಗಡಸಾದ ಬಾಯಿ ಹಿಗ್ಗುವುದರಿಂದ ಕತ್ತಿ ಹಿಂದಕ್ಕೆ ಬಾಗುತ್ತದೆ. ಆ ಬಾಗಿನ ಬಹುಪಾಲು ನೀರಿನದೇ ಕೆಲಸ. ಬಾಯಿ ಸೀಳಿಬಿಟ್ಟರೆ ಅಲ್ಲಿಯವರೆಗಿನ ದುಡಿಮೆಯೆಲ್ಲ ಗುಜರಿಗೆ.

ಗಡಸು ಉಕ್ಕು, ಮೆದು ಉಕ್ಕು ಸಂಧಿಸುವ ಆ ಗಡಿಯಲ್ಲೇ ಹಾಮೊನ್ ಹುಟ್ಟುತ್ತದೆ. ಓರೆ ಬೆಳಕಿನಲ್ಲಿ ಬಿಡಿಬಿಡಿಯಾಗಿ ಮಿನುಗುವ ಹರಳುಗಳು ನಿಯೆ. ಬಿಡಿಸಿ ನೋಡಲಾಗದಷ್ಟು ನುಣ್ಣಗೆ ಹಬ್ಬಿದ ಬಿಳುಪು ನಿಯೋಯಿ. ಸೋಶು ಕಮ್ಮಾರರಲ್ಲಿ ಮೊದಲನೆಯದು ಹೆಚ್ಚು, ಬಿಜೆನ್‌ನವರಲ್ಲಿ ಎರಡನೆಯದು. ಇದೆಲ್ಲ ಉಕ್ಕಿನ ಒಳಗೇ ಇರುವಂಥದ್ದು. ಆದರೆ ಕುಲುಮೆಯಿಂದ ಬಂದ ಕತ್ತಿಯಲ್ಲಿ ಅದು ಸ್ಪಷ್ಟವಾಗಿ ಕಾಣುವುದಿಲ್ಲ. ಅದನ್ನು ಕಾಣಿಸುವವನು ಬೇರೆ, ಸಾಣೆಗಾರ.

ಒಬ್ಬ ಸಾಣೆಗಾರರ ಎದುರು ಕೂತು ಅವರ ಹೆಬ್ಬೆರಳನ್ನು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಒರಟು ಕಲ್ಲುಗಳ ಹಂತಗಳೆಲ್ಲ ಮುಗಿದಿದ್ದವು. ಆಗ ಅವರು ಕೈಗೆತ್ತಿಕೊಂಡದ್ದು ಹಾಜುಯಾ, ಕ್ಯೋಟೊ ಸೀಮೆಯ ಉಚಿಗುಮೋರಿ ಎಂಬ ಕಲ್ಲಿನಿಂದ ಸೀಳಿ, ಕಾಗದದಷ್ಟು ತೆಳುವಾಗುವಂತೆ ತೇಯ್ದು, ಹಿಂಬದಿಗೆ ಕಾಗದ ಅಂಟಿಸಿದ ಚೂರು. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದನ್ನು ಹೆಬ್ಬೆರಳಿನ ಕೆಳಗಿಟ್ಟು, ತೊಟ್ಟು ನೀರು ಬಿಟ್ಟು, ಅಲಗಿನ ಮೇಲೆ ಅಂಗುಲ ಅಂಗುಲವಾಗಿ ಹಿಂದೆ ಮುಂದೆ ಸರಿಸುತ್ತ ಹೋದರು. ಗಂಟೆಗಳಾದರೂ ಮುಗಿದ ಭಾಗ ಒಂದು ಗೇಣು. ಬೆರಳು ಎತ್ತಿ ಒರೆಸಿದಾಗ, ಮೊದಲು ಬರೀ ಬೂದು ಬಣ್ಣದ ಕಬ್ಬಿಣವಾಗಿದ್ದಲ್ಲಿ ಮಡಿಕೆಯ ಎಳೆಗಳು ಮೂಡಿದ್ದವು. ಒರೆಸಿದ ಹತ್ತಿಬಟ್ಟೆಯ ಮೇಲೆ ಬೂದಿಬಣ್ಣದ ಒಂದು ಗೆರೆ ಉಳಿದಿತ್ತು. ನನ್ನ ಕಣ್ಣು ಅಲಗನ್ನು ಬಿಟ್ಟು ಆ ಬಟ್ಟೆಯ ಮೇಲೆ ನೆಟ್ಟಿತು. ಕಲ್ಲಿನ ಪುಡಿಯ ಜೊತೆ ಅದರಲ್ಲಿ ಉಕ್ಕೂ ಇತ್ತು. ಹದಿನಾಲ್ಕನೆಯ ಶತಮಾನದ ಒಬ್ಬ ಮನುಷ್ಯ ಮಡಿಸಿದ ಉಕ್ಕು.

ನೋಡುವುದಕ್ಕೆ ಇಲ್ಲಿ ವಸ್ತುವೇ ಖರ್ಚಾಗುತ್ತದೆ. ಪ್ರತಿ ಸಾಣೆಯೂ ಗಡಸು ಹೊದಿಕೆಯಿಂದ ಒಂದು ಪದರ ಕದಿಯುತ್ತದೆ. ಅಲಗು ಸಣಕಲಾಗುತ್ತದೆ, ಹಾಮೊನ್ ಕಿರಿದಾಗುತ್ತದೆ. ಕೊನೆಗೊಂದು ದಿನ ಹೊದಿಕೆ ಸವೆದು ಒಳಗಿನ ತಿರುಳು ಹೊಳಪಿಲ್ಲದ ತೇಪೆಯಾಗಿ ಹೊರಗೆ ಬರುತ್ತದೆ. ಅಂಥ ಕತ್ತಿಯನ್ನು ಅಲ್ಲಿನವರು ದಣಿದ ಕತ್ತಿ ಎನ್ನುತ್ತಾರೆ. ಕ್ಯೋಟೊದ ರಾಯಿ ಮನೆತನದವರ ಕತ್ತಿಗಳು ಬೇಗ ದಣಿಯುತ್ತವೆ, ಅವರ ಹೊದಿಕೆ ತೆಳು. ಏಳೆಂಟು ಶತಮಾನ ದಾಟಿಯೂ ಮೈತುಂಬಿಕೊಂಡಿರುವ ಕತ್ತಿ ಸಿಕ್ಕಿದರೆ ಸಂಗ್ರಾಹಕರು ‘ಆರೋಗ್ಯವಾಗಿದೆ’ ಎನ್ನುತ್ತಾರೆ. ಆ ಆರೋಗ್ಯಕ್ಕೆ ಕಾರಣ ಅದನ್ನು ಇಟ್ಟುಕೊಂಡ ಇಪ್ಪತ್ತು ಮೂವತ್ತು ತಲೆಮಾರಿನವರು. ಸಾಣೆಗೆ ಕೊಡಬಹುದಾಗಿದ್ದರೂ ಕೊಡದೆ, ಎಣ್ಣೆ ಸವರಿ, ಇದ್ದ ಹೊಳಪಿನಲ್ಲೇ ತೃಪ್ತಿಪಟ್ಟವರು.

ನಮ್ಮ ಹಳೆಯ ದೇವಸ್ಥಾನಗಳ ಉತ್ಸವಮೂರ್ತಿಗಳ ಮುಖವನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸದಾಗಿ ತೋರದು. ಶತಮಾನಗಳ ಅಭಿಷೇಕಕ್ಕೆ, ಹುಣಸೆಹುಳಿಯ ತಿಕ್ಕಾಟಕ್ಕೆ ಮೂಗು ನಯವಾಗಿ, ಹುಬ್ಬು ಅಳಿಸಿ, ಕಣ್ಣುಗಳಿದ್ದ ಜಾಗದಲ್ಲಿ ಬೆಳ್ಳಿಯ ಕಣ್ಣು ಅಂಟಿಸಿರುತ್ತಾರೆ. ಭಕ್ತಿಯೇ ಸವೆಸಿದೆ. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಸವೆಯದ ವಿಗ್ರಹ ಪೂಜೆಗೊಳ್ಳದ ವಿಗ್ರಹ. ಆದರೆ ಸವೆತವನ್ನು ಮುಂದಿಟ್ಟುಕೊಂಡು, ಇಷ್ಟು ನಮ್ಮ ಪಾಲು, ಉಳಿದದ್ದು ಮುಂದಿನವರ ಪಾಲು ಎಂದು ಲೆಕ್ಕ ಹಾಕುವ ಅಭ್ಯಾಸ ನಮಗೆ ಬರಲಿಲ್ಲ. ಕತ್ತಿ ಸಂಗ್ರಾಹಕರಿಂದ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಈ ಲೆಕ್ಕ.

ಈಗ ತುಕ್ಕಿನ ಭಾಗಕ್ಕೆ ಬರುತ್ತೇನೆ. ನಕಾಗೊ ಕತ್ತಿಯ ಕಾಗದಪತ್ರ ಇದ್ದಂತೆ ಎಂದು ಸುಲಭವಾಗಿ ಹೇಳಿಬಿಡಬಹುದು. ಕಮ್ಮಾರನ ಹೆಸರು ಅಲ್ಲೇ, ಕೆಲವೊಮ್ಮೆ ಊರೂ ವರ್ಷವೂ ಅಲ್ಲೇ. ಬಿಜೆನ್‌ನ ಒಸಾಫುನೆಯವರಿಗೆ ಇಸವಿ ಕೊರೆಯುವ ರೂಢಿ ಬಲವಾಗಿತ್ತು. ಹಿಡಿ ಜಾರದಂತೆ ಎಳೆದ ಅರದ ಗೀರುಗಳ ಓರೆ ಕೂಡ ಮನೆತನದಿಂದ ಮನೆತನಕ್ಕೆ ಬೇರೆ. ಆದರೆ ಈ ಪತ್ರ ಯಾವಾಗಲೂ ನಿಜ ಹೇಳುವುದಿಲ್ಲ. ಹದಿನೇಳನೆಯ ಶತಮಾನದ ನಾಗಾಸೊನೆ ಕೊತೆತ್ಸು ಎಚಿಜೆನ್‌ನಲ್ಲಿ ಕವಚ ಮಾಡುತ್ತಿದ್ದವನು. ನಡುವಯಸ್ಸಿನಲ್ಲಿ ಎದೊಗೆ, ಎಂದರೆ ಇಂದಿನ ಟೋಕಿಯೊಗೆ, ಬಂದು ಕತ್ತಿ ಕಮ್ಮಾರನಾಗಿ ಹೆಸರು ಮಾಡಿದ. ಅವನ ಹೆಸರನ್ನು ಬೇರೆಯವರು ಎಷ್ಟು ಕತ್ತಿಗಳ ಮೇಲೆ ಕೊರೆದರೆಂದರೆ, ಕೊತೆತ್ಸು ಕಂಡರೆ ಮೊದಲು ಖೋಟಾ ಎಂದುಕೋ ಎಂಬ ಮಾತೇ ಹುಟ್ಟಿಕೊಂಡಿತು. ಹೆಸರನ್ನು ಕೊರೆಯುವುದು ಸುಲಭ. ಮುನ್ನೂರು ವರ್ಷದ ತುಕ್ಕನ್ನು ತರುವುದು ಕಷ್ಟ. ಅಕ್ಷರದ ತಗ್ಗಿನೊಳಗಿನ ತುಕ್ಕಿಗೂ ಸುತ್ತಲಿನ ತುಕ್ಕಿಗೂ ವಯಸ್ಸು ಒಂದೇ ಆಗಿದೆಯೇ ಎಂದು ಪರೀಕ್ಷಕರು ನೋಡುವುದು ಅದಕ್ಕೇ.

ಹೆಸರೇ ಕಳೆದುಹೋದ ಕತ್ತಿಗಳ ಕತೆ ಇದಕ್ಕಿಂತ ದೊಡ್ಡದು. ಹದಿನಾರನೆಯ ಶತಮಾನದ ಹೊತ್ತಿಗೆ ಕಾಲಾಳುಗಳ ಕದನ ಹೆಚ್ಚಿ, ಕುದುರೆ ಸವಾರರ ಉದ್ದುದ್ದ ಕತ್ತಿಗಳು ಸೊಂಟಕ್ಕೆ ಸಿಕ್ಕಿಸಲು ಭಾರವಾದವು. ಅವನ್ನು ಬುಡದಿಂದ ಕತ್ತರಿಸಿ ಗಿಡ್ಡ ಮಾಡಿದರು. ಹಳೆಯ ನಕಾಗೊ ಹೆಸರಿನ ಸಮೇತ ಹೋಯಿತು, ಒಂದು ಕಾಲಕ್ಕೆ ಅಲಗಾಗಿದ್ದದ್ದೇ ಹೊಸ ನಕಾಗೊ ಆಯಿತು. ಕೆಲವರು ಹೆಸರಿದ್ದ ತಗಡಿನಷ್ಟು ಉಕ್ಕನ್ನು ಮಾತ್ರ ಎಚ್ಚರದಿಂದ ಕತ್ತರಿಸಿ ಹೊಸ ನಕಾಗೊವಿನಲ್ಲಿ ಕೂರಿಸಿದರು. ಅಂಥದ್ದೊಂದನ್ನು ಕೈಯಲ್ಲಿ ಹಿಡಿದಿದ್ದೆ. ಎರಡು ತುಕ್ಕುಗಳ ನಡುವಿನ ಚೌಕಾಕಾರದ ಗಡಿ ಬೆರಳಿಗೆ ಸಿಗುತ್ತಿತ್ತು. ಅಷ್ಟು ಮಾಡುವ ಅಗತ್ಯ ಯಾರಿಗೂ ಇರಲಿಲ್ಲ, ಹೆಸರಿಲ್ಲದಿದ್ದರೂ ಕತ್ತಿ ಅಷ್ಟೇ ಚೆನ್ನಾಗಿ ಕೊಯ್ಯುತ್ತದೆ.

ಹೆಸರಿಲ್ಲದವಕ್ಕೆ ಹೆಸರು ಕೊಟ್ಟವರು ಹೊನಾಮಿ ಮನೆತನದವರು. ಸಾಣೆಯೂ ಅವರದೇ, ತೀರ್ಪೂ ಅವರದೇ. 1719ರಲ್ಲಿ ಎಂಟನೆಯ ಶೋಗುನ್ ತೊಕುಗಾವಾ ಯೋಶಿಮುನೆಯ ಆಜ್ಞೆಯಂತೆ ನಾಡಿನ ಹೆಸರಾಂತ ಕತ್ತಿಗಳ ಪಟ್ಟಿ ಸಿದ್ಧಪಡಿಸಿದವರೂ ಅವರೇ. ಕತ್ತಿಗಳಲ್ಲೆಲ್ಲ ದೊಡ್ಡ ಹೆಸರು ಸೋಶುವಿನ ಮಸಾಮುನೆಯದು. ಅವನ ಸಹಿ ಇರುವವು ಎಂದು ಒಪ್ಪಿಕೊಂಡವು ಬೆರಳೆಣಿಕೆಯ ಬಾಕುಗಳು ಮಾತ್ರ. ಉಳಿದ ಮಸಾಮುನೆಗಳೆಲ್ಲ ಬರೀ ಉಕ್ಕನ್ನು ನೋಡಿ ಒಪ್ಪಿಕೊಂಡವು. ಮೇಜಿ ಯುಗದಲ್ಲಿ ಒಬ್ಬ ಪರಿಣತರು ಮಸಾಮುನೆಯ ಹಿರಿಮೆಯೇ ಆಮೇಲೆ ಕಟ್ಟಿದ್ದು ಎಂದು ವಾದ ಹೂಡಿ ದೊಡ್ಡ ಗದ್ದಲವೆದ್ದಿತ್ತು. ಅವನ ಬಳಗದ ಗೋ ಯೋಶಿಹಿರೊನ ಸಹಿಯಂತೂ ಒಂದೂ ಇಲ್ಲ. ಗೋ ಮಾಡಿದ ಕತ್ತಿ, ದೆವ್ವ ಎರಡನ್ನೂ ಕಂಡವರಿಲ್ಲ ಎಂಬುದು ಅಲ್ಲಿನ ಗಾದೆ. ಪತ್ರ ಇಲ್ಲದಿದ್ದಾಗಲೂ ಆ ಜನ ನೋಟವನ್ನು ನಂಬಿದರು. ಹಾಗೆ ನಂಬಲು ಎಂಥ ಕಣ್ಣು ಬೇಕು ಎಂದು ಯೋಚಿಸಿದಾಗಲೆಲ್ಲ ನನಗೆ ಭಯಮಿಶ್ರಿತ ಗೌರವ ಹುಟ್ಟುತ್ತದೆ.

ಒಂದು ಪದ್ಧತಿ ಮಾತ್ರ ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಸಹಿ ಖೋಟಾ ಎಂದು ಗೊತ್ತಾದ ಕತ್ತಿಗೆ ಸಂರಕ್ಷಣಾ ಸಂಘದ ಪ್ರಮಾಣಪತ್ರ ಸಿಗುವುದಿಲ್ಲ. ಆಗ ಕೆಲವು ಮಾಲೀಕರು ಆ ಸಹಿಯನ್ನು ಅಳಿಸಿಹಾಕಿಸಿ, ಸಹಿ ಇಲ್ಲದ ಕತ್ತಿಯೆಂದು ಮತ್ತೆ ಪರೀಕ್ಷೆಗೆ ಕಳಿಸುತ್ತಾರೆ. ಸುಳ್ಳು ಹೋಯಿತಲ್ಲ, ಒಳ್ಳೆಯದೇ ಆಯಿತಲ್ಲ ಎನ್ನುವವರಿದ್ದಾರೆ. ಆದರೆ ಆ ಸುಳ್ಳಿಗೂ ಮುನ್ನೂರು ವರ್ಷ ವಯಸ್ಸಾಗಿತ್ತು. ಯಾರೋ ಒಬ್ಬ ಬಡ ಸಮುರಾಯಿ ಅದನ್ನು ನಂಬಿ ಕೊಂಡಿರಬಹುದು, ಇನ್ನೊಬ್ಬ ಗೊತ್ತಿದ್ದೇ ಉಡುಗೊರೆ ಕೊಟ್ಟಿರಬಹುದು. ಸುಳ್ಳನ್ನು ಸುಳ್ಳೆಂದು ಬರೆದಿಡುವುದಕ್ಕೂ ಅದು ಇದ್ದ ಗುರುತೇ ಉಳಿಯದಂತೆ ಮಾಡುವುದಕ್ಕೂ ಬಹಳ ಅಂತರ ಇದೆ.

ಏಕೆಂದರೆ ನಕಾಗೊ ಮೇಲೆ ನಮಗೆ ಬೇಡವಾದದ್ದೂ ಇರುತ್ತದೆ. ಎದೊ ಕಾಲದ ಕೆಲವು ಕತ್ತಿಗಳ ತುಕ್ಕಿನ ನಡುವೆ ಚಿನ್ನದ ಅಕ್ಷರಗಳು ಹೊಳೆಯುತ್ತವೆ. ಚಂದದ ಕೈಬರಹ. ಓದಿ ಹೇಳಿದಾಗ ತಿಳಿಯುವುದು: ಇಂಥ ದಿನ, ಇಂಥವನು, ಒಂದೇ ಏಟಿಗೆ ಎರಡು ದೇಹಗಳನ್ನು ಕತ್ತರಿಸಿದ. ಮರಣದಂಡನೆಗೆ ಗುರಿಯಾದವರ ಶವಗಳ ಮೇಲೆ ಕತ್ತಿಯ ಹರಿತ ಪರೀಕ್ಷಿಸುವುದು ಆಗ ಒಂದು ಅಧಿಕೃತ ಕೆಲಸವಾಗಿತ್ತು, ಯಮಾದಾ ಅಸಾಎಮೊನ್ ಎಂಬ ಹೆಸರಿನ ಮನೆತನ ಅದನ್ನು ವಂಶಪಾರಂಪರ್ಯವಾಗಿ ಮಾಡುತ್ತಿತ್ತು. ಇಂದಿನ ಮಾರುಕಟ್ಟೆಯಲ್ಲಿ ಆ ಅಕ್ಷರಗಳಿದ್ದರೆ ಬೆಲೆ ಏರುತ್ತದೆ. ಮೊದಲ ಸಲ ಅಂಥ ಕತ್ತಿ ಹಿಡಿದಾಗ ಹಾಮೊನ್ ನೋಡಲು ನನ್ನಿಂದ ಆಗಲಿಲ್ಲ. ಆ ದೇಹಗಳಿಗೂ ಹೆಸರುಗಳಿದ್ದವು, ಕತ್ತರಿಸಿದವನ ಹೆಸರು ಮಾತ್ರ ಚಿನ್ನದಲ್ಲಿ ಉಳಿದಿದೆ. ಕತ್ತಿಯನ್ನು ಬರೀ ಕಲೆಯೆಂದು ನೋಡಿ, ಉಳಿದದ್ದನ್ನು ಮರೆಯಿರಿ ಎಂದು ಯಾರಾದರೂ ಹೇಳಿದರೆ ನಾನು ಈ ಚಿನ್ನವನ್ನು ತೋರಿಸುತ್ತೇನೆ. ತುಕ್ಕನ್ನು ಕಾಯುವುದು ಅಂದರೆ ಇದನ್ನೂ ಕಾಯುವುದು. ಅಲಗನ್ನು ಮಾತ್ರ ನೋಡಿದವರಿಗೆ ಕೊಲ್ಲುವ ವಸ್ತು ಕಾಣದೆ ಹೋಗಬಹುದು, ಅಷ್ಟು ಚೆಲುವಿದೆ ಅದರಲ್ಲಿ. ಬುಡ ಮರೆಯಲು ಬಿಡುವುದಿಲ್ಲ.

1876ರಲ್ಲಿ ಸಮುರಾಯಿಗಳು ಸೊಂಟಕ್ಕೆ ಕತ್ತಿ ಕಟ್ಟುವುದು ನಿಷೇಧವಾಯಿತು. 1945ರ ಸೋಲಿನ ನಂತರ ಕತ್ತಿ ಇಟ್ಟುಕೊಳ್ಳುವುದೇ ಅಪರಾಧವಾಗುವ ಹೊತ್ತು ಬಂತು. ಗೆದ್ದ ಪಡೆಗಳಿಗೆ ಅದು ಆಯುಧ, ಬೇರೇನೂ ಅಲ್ಲ. ಏಷ್ಯಾದಲ್ಲೆಲ್ಲ ಆ ಕತ್ತಿ ಮಾಡಿದ್ದನ್ನು ಕಂಡವರು ಹಾಗೆ ಯೋಚಿಸಿದರೆ ಆಶ್ಚರ್ಯವಿಲ್ಲ. ಲೆಕ್ಕವಿಲ್ಲದಷ್ಟು ಕತ್ತಿಗಳನ್ನು ಕರಗಿಸಿದರು, ಸಮುದ್ರಕ್ಕೆ ಎಸೆದರು, ಸೈನಿಕರು ನೆನಪಿಗೆಂದು ಮನೆಗೊಯ್ದರು. ತೊಕುಗಾವಾ ಮನೆತನದ ಹೊಂಜೊ ಮಸಾಮುನೆ ಎಂಬ ಕತ್ತಿ ಆಗ ಟೋಕಿಯೊದ ಪೊಲೀಸ್ ಠಾಣೆಯೊಂದಕ್ಕೆ ಒಪ್ಪಿಸಲ್ಪಟ್ಟು ಹಾಗೇ ಕಾಣೆಯಾಯಿತು. ಹೊಮ್ಮಾ ಜುಂಜಿ ಎಂಬ ವಿದ್ವಾಂಸರು ಅಮೆರಿಕದ ಅಧಿಕಾರಿಗಳಿಗೆ ಕತ್ತಿಗಳನ್ನು ತೋರಿಸಿ, ನೋಡುವುದನ್ನು ಕಲಿಸಿ, ಕಲಾವಸ್ತುವೆಂದು ಒಪ್ಪಿಸಿದ್ದರಿಂದ ಉಳಿದವು ಉಳಿದವು. 1948ರಲ್ಲಿ ಸಂರಕ್ಷಣಾ ಸಂಘ ಹುಟ್ಟಿದ್ದೂ ಆ ಹೋರಾಟದಿಂದಲೇ. ಹೊರಗೆ ಹೋದವುಗಳಲ್ಲಿ ಕೆಲವು ಮರಳಿದವು. ವಾಲ್ಟರ್ ಕಾಂಪ್ಟನ್ ಎಂಬ ಅಮೆರಿಕದ ಸಂಗ್ರಾಹಕರು ತಾವು ಕೊಂಡ ಒಂದು ಕತ್ತಿ ಕಾಗೊಶಿಮಾದ ತೆರುಕುನಿ ದೇಗುಲದಿಂದ ಕಳೆದುಹೋದ ರಾಷ್ಟ್ರೀಯ ನಿಧಿ ಎಂದು ತಿಳಿದೊಡನೆ 1963ರಲ್ಲಿ ಅದನ್ನು ಬಿಡಿಕಾಸು ಪಡೆಯದೆ ಹಿಂದಿರುಗಿಸಿದರು. ಸಂಗ್ರಾಹಕ ಎಂಬ ಪದಕ್ಕೆ ನನ್ನ ಮನಸ್ಸಿನಲ್ಲಿ ಬರುವ ಮುಖ ಅವರದು.

1945ರ ಸೋಲಿನ ನಂತರದ ಆ ಕಾಲದಲ್ಲಿ ಪಶ್ಚಿಮ ಜಪಾನಿನ ಕಾವಲು ಕಾಮನ್‌ವೆಲ್ತ್ ಪಡೆಗಳದ್ದಾಗಿತ್ತು. ಅವುಗಳಲ್ಲಿ ಭಾರತದ 268ನೇ ಬ್ರಿಗೇಡ್ ಇತ್ತು, ಅದರ ನಾಯಕತ್ವ ವಹಿಸಿದವರು ಕೊಡಗಿನ ತಿಮ್ಮಯ್ಯನವರು. ಕಾಮನ್‌ವೆಲ್ತ್ ಪಡೆಗಳ ವ್ಯಾಪ್ತಿಗೆ ಬಂದ ಪ್ರಾಂತ್ಯಗಳಲ್ಲಿ ಒಕಾಯಾಮಾ ಮತ್ತು ಶಿಮಾನೆ ಸೇರಿದ್ದವು. ಒಕಾಯಾಮಾ ಅಂದರೆ ಹಳೆಯ ಬಿಜೆನ್, ಒಸಾಫುನೆ ಕಮ್ಮಾರರ ನಾಡು. ಶಿಮಾನೆ ತತಾರದ ನಾಡು. ಆಯುಧವನ್ನು ಮನೆಯ ಹಿರಿಯರಂತೆ ಕಾಣುವ ಕೊಡಗಿನ ಮನುಷ್ಯ ಆ ನೆಲದಲ್ಲಿ ಕಾವಲಿದ್ದದ್ದನ್ನು ನೆನೆದಾಗ ನನಗೆ ರೋಮಾಂಚನವಾಗುತ್ತದೆ.

ಬರ್ಮಾದಲ್ಲೂ ಮಲಯದಲ್ಲೂ ಶರಣಾದ ಜಪಾನಿ ಅಧಿಕಾರಿಗಳ ಕತ್ತಿಗಳು ಭಾರತಕ್ಕೂ ಬಂದವು, ರೆಜಿಮೆಂಟುಗಳ ಮೆಸ್ಸಿಗೆ, ಕೆಲವು ಮನೆಗಳಿಗೆ. ಬಹುತೇಕ ಅವು ಯುದ್ಧಕಾಲದ ಕಾರ್ಖಾನೆಯ ಅಲಗುಗಳು. ಆದರೆ ಕೆಲವರು ಅಜ್ಜ ಮುತ್ತಜ್ಜರ ಅಲಗನ್ನೇ ಸೈನ್ಯದ ಹಿಡಿಗೆ ಕೂರಿಸಿಕೊಂಡು ಯುದ್ಧಕ್ಕೆ ಹೋಗಿದ್ದರು. ಊರಿಗೆ ಮರಳಿದ ಮೇಲೆ ಹಾಗೆ ಭಾರತಕ್ಕೆ ಬಂದ ಕತ್ತಿಯೊಂದು ಮೈಸೂರಿನ ಒಂದು ಮನೆಯಲ್ಲಿದೆ ಎಂದು ತಿಳಿದು ನೋಡಲು ಹೋದೆ. ಮನೆಯ ಹಿರಿಯರು ಎಂಬತ್ತು ದಾಟಿದ ಹೆಂಗಸು. ಕತ್ತಿ ತಂದವರು ಅವರ ಮಾವ. ಟ್ರಂಕಿನಿಂದ ಹಳೆ ರೇಷ್ಮೆ ಪಂಚೆಯಲ್ಲಿ ಸುತ್ತಿದ್ದ ಕತ್ತಿಯನ್ನು ತಂದು ನನ್ನ ಮುಂದಿಟ್ಟರು.

“ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು ಹಾಕಿ ತಿಕ್ಕಿಸೋರು ಕಣಪ್ಪ ನಮ್ಮ ಮಾವ. ಒಂದ್ಸಲ ಹಿಡಿ ಸಡಿಲ ಆಯ್ತು. ಬಿಚ್ಚಿ ಒಳಗಿಂದೂ ಉಜ್ಜಿಸಿದ್ರು. ತುಕ್ಕು ಹಿಡಿದ ಆಯುಧಕ್ಕೆ ಕುಂಕುಮ ಇಡಬಾರದು ಅನ್ನೋರು.”

ಗೂಟ ತಟ್ಟಿ ಹಿಡಿ ಕಳಚಿದೆ. ನಕಾಗೊ ಅಲಗಿನಷ್ಟೇ ಬೆಳ್ಳಗಿತ್ತು. ಅರದ ಗೀರುಗಳು ಅಲ್ಲಲ್ಲಿ ನೆರಳಿನಂತೆ ಉಳಿದಿದ್ದವು. ಗೂಟದ ತೂತಿನ ಪಕ್ಕ ಉಳಿಯ ಎರಡು ಮೂರು ಏಟು ಕಂಡಂತಾಯಿತು. ಅಕ್ಷರವೊಂದರ ಚೂರು ಇರಬಹುದು, ಬರೀ ಗೀರೂ ಇರಬಹುದು. ಅಲಗಿನ ಮೇಲೆ ಹುಳಿ ತಿಂದ ಗುಳಿಗಳು. ಕಾರ್ಖಾನೆಯದೋ ಕಮ್ಮಾರನದೋ, ಎಂಬತ್ತು ವರ್ಷದ್ದೋ ಐನೂರು ವರ್ಷದ್ದೋ ಎಂದು ಹೇಳಬಲ್ಲ ಸಾಕ್ಷಿ ಅದರ ಮೈಮೇಲೆ ಉಳಿದಿರಲಿಲ್ಲ. ಜಪಾನಿನಲ್ಲಿ ಇದನ್ನು ತೋರಿಸಿದರೆ ಪರೀಕ್ಷಕರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಹೊಟ್ಟೆಯಲ್ಲಿ ಸಂಕಟವಾಯಿತು. ಆದರೂ ಆ ಮಾವನವರ ಮೇಲೆ ಸಿಟ್ಟು ಬರಲಿಲ್ಲ. ಬರ್ಮಾದ ಕಾಡಿನಲ್ಲಿ ತನ್ನನ್ನು ಕೊಲ್ಲಬಹುದಾಗಿದ್ದ ಕತ್ತಿಯನ್ನು ಮನೆಗೆ ತಂದು, ಗೋಡೆಗೆ ನೇತುಹಾಕಿ ಮೆರೆಯದೆ, ನವರಾತ್ರಿಯಲ್ಲಿ ಮನೆಯ ಆಯುಧಗಳ ಸಾಲಿಗೆ ಸೇರಿಸಿ ಕುಂಕುಮ ಇಟ್ಟವರು ಅವರು. ವೈರಿಯ ಕತ್ತಿಗೆ ಅಷ್ಟು ಮರ್ಯಾದೆ ಸಿಕ್ಕ ಮನೆಗಳು ಎಷ್ಟಿರಬಹುದು? ಆ ಉಜ್ಜಿದ ಬಿಳುಪು ಕೂಡ ಈಗ ಕತ್ತಿಯ ಚರಿತ್ರೆಯೇ. ಅದನ್ನು ಯಾರಾದರೂ ಬರೆದಿಡಬೇಕು ಎಂದುಕೊಂಡು ಒಂದು ಕಾಗದದಲ್ಲಿ ಅವರ ಮಾವನ ಹೆಸರು, ರೆಜಿಮೆಂಟು, ತಂದ ವರ್ಷ, ಹುಣಸೆಹಣ್ಣಿನ ವಿಷಯ ಎಲ್ಲವನ್ನೂ ಬರೆದು, ಕತ್ತಿಯ ಜೊತೆಗೇ ಇಡಿ ಎಂದು ಕೊಟ್ಟೆ.

“ಹಾಗಾದ್ರೆ ಈ ಸಲದ ಹಬ್ಬಕ್ಕೆ ಏನು ಮಾಡಲಪ್ಪ?” ಎಂದು ಕೇಳಿದರು.

ಹುಣಸೆಹಣ್ಣು ಬೇಡ, ಅಲಗಿಗೆ ಹೊಲಿಗೆ ಮಿಷಿನ್ನಿನ ತೆಳು ಎಣ್ಣೆ ಒಂದು ತೊಟ್ಟು ಸವರಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದೆ. ಜಪಾನಿನಲ್ಲಿ ಅದಕ್ಕೆ ಲವಂಗದ ಎಣ್ಣೆ ಹಚ್ಚುತ್ತಾರೆ ಎಂದದ್ದಕ್ಕೆ ಅವರ ಮುಖ ಅರಳಿತು, ಲವಂಗ ಮನೆಯಲ್ಲೇ ಇದೆ ಎಂದರು. ಅಂಗಡಿಯಲ್ಲಿ ಸಿಗುವ ಲವಂಗದ ಎಣ್ಣೆ ಬೇಡ, ಇದೇ ಇರಲಿ ಎಂದು ಒಪ್ಪಿಸಿದೆ. ಹಿಡಿಯೊಳಗಿನ ಭಾಗವನ್ನು ಇನ್ನು ಮುಂದೆ ಮುಟ್ಟಲೇಬೇಡಿ, ತುಕ್ಕು ಬಂದರೆ ಬರಲಿ ಎಂದಾಗ ಮಾತ್ರ ಅವರು ಸ್ವಲ್ಪ ಹೊತ್ತು ಸುಮ್ಮನಾದರು.

“ಕುಂಕುಮ?”

“ಒರೆಗೆ ಇಡಿ ಅಮ್ಮ. ಅಲಗಿಗೆ ಬೇಡ.”

ಹೂವನ್ನೂ ಒರೆಯ ಮೇಲೇ ಇಡಲು ಒಪ್ಪಿದರು. ನಿಂಬೆಹಣ್ಣಿನ ವಿಷಯದಲ್ಲಿ ಒಪ್ಪಲಿಲ್ಲ. ಮಾವನ ಕಾಲದಿಂದಲೂ ಕತ್ತಿಯ ಪಕ್ಕದಲ್ಲೇ ನಿಂಬೆಹಣ್ಣು ಇಟ್ಟು ಬಂದದ್ದು, ಅದನ್ನು ಬಿಡಲಾಗದು ಎಂದರು. ಪಕ್ಕದಲ್ಲಿರಲಿ, ಕೊಯ್ಯುವುದು ಮಾತ್ರ ಬೇರೆ ಚಾಕುವಿನಿಂದ ಎಂದು ಇಬ್ಬರೂ ಮಾತಾಡಿಕೊಂಡೆವು.